ನಾನಿಯ ಹಾಡುಗಳನ್ನು ಅಳಿಸಿದ ಸಾಲು

ಇವತ್ತು ಬೆಳಗ್ಗೆ ರಾಗಿ ಹಿಟ್ಟು ಜರಡಿ ಹಿಡಿದೆ. ಅತ್ತೆಯ ಮಾತ್ರೆಗಳನ್ನು ವಾರದ ಡಬ್ಬಿಗೆ ಹಂಚಿದೆ. ಮಹಡಿಯ ಮೇಲೆ ಮೆಣಸಿನಕಾಯಿ ಹರಡಿದೆ. ಹತ್ತರಿಂದ ಒಂದರವರೆಗೆ ಪಾಠ. ಮಧ್ಯಾಹ್ನ ಗ್ಯಾಸ್ ಬಂತು, ಇಸಿದುಕೊಂಡೆ. ದಿಂಬಿನ ಕವರುಗಳಿಗೆ ಗುಂಡಿ ಹಾಕಿದೆ. ನಾಲ್ಕು ಗಂಟೆಗೆ ಜಬೀನ್ ಫೋನ್ ಮಾಡಿದಳು. ಆಮೇಲೆ ರಾತ್ರಿಯ ಅಡುಗೆ ಬಿಟ್ಟು ಯಾವ ಕೆಲಸಕ್ಕೂ ಕೈ ಬರಲಿಲ್ಲ — ಎಲ್ಲರೂ ಮಲಗಿದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಹದಿನಾರು ವರ್ಷದ ಹಿಂದೆ ಜಬೀನಳ ನಾನಿಯ, ಅಂದರೆ ಅವಳ ತಾಯಿಯ ತಾಯಿಯ, ಹಾಡುಗಳನ್ನು ಅಳಿಸಿದವಳು ನಾನು. ಅಳಿಸಿದ್ದು ನೀನೇ ಎಂದು ಅವಳನ್ನು ನಂಬಿಸಿದವಳೂ ನಾನೇ.

ಆಗ ನಾವಿಬ್ಬರೂ ಮುಳಬಾಗಿಲಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆವು. ಆರು ಯಂತ್ರ, ಎರಡು ಫ್ಯಾನು. ಕೆಳಗೆ ಗಿರಣಿ ಓಡಿದರೆ ಮೇಲೆ ಕೀಬೋರ್ಡಿನ ಮೇಲೆಲ್ಲ ತೆಳ್ಳಗೆ ಹಿಟ್ಟು. ಜಬೀನ್ ಬುರ್ಖಾದ ತೋಳು ಮಡಚಿ, ಹಳೆಯ ಬ್ರಷ್ಷಿನಿಂದ ಒಂದೊಂದೇ ಕೀಲಿಯನ್ನು ಒರೆಸುತ್ತಿದ್ದಳು. ಅವಳಿಗೆ ಆಗ ನಾಲ್ಕು ವರ್ಷದ ಮಗಳಿದ್ದಳು. ನನಗೆ ಮಕ್ಕಳಿರಲಿಲ್ಲ, ಈಗಲೂ ಇಲ್ಲ. ಮಗಳಿಗೆ ತಂದ ಬಿಸ್ಕತ್ತಿನಲ್ಲಿ ನನಗೂ ಎರಡು ಎತ್ತಿಡುತ್ತಿದ್ದಳು.

ನಾನಿ ಟೇಕಲ್ಲಿನಲ್ಲಿದ್ದರು. ಮದುವೆಯಲ್ಲಿ ಅರಿಶಿನ ಹಚ್ಚುವಾಗ ಗಂಡಿನ ಕಡೆಯ ಹೆಂಗಸರು ಹಾಡಿನಲ್ಲೇ ಛೇಡಿಸಿದರೆ, ಹೆಣ್ಣಿನ ಕಡೆಯವರು ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಹಾಗೆ ತಿರುಗಿಸಿ ಕೊಡುವ ದಖ್ಖನಿ ಉರ್ದುವಿನ ಹಾಡುಗಳು ನಾನಿಯ ಬಾಯಲ್ಲಿ ರಾಶಿ ಇದ್ದವು. ಆದರೆ ಪೆನ್ನು ಕಂಡರೆ ಬಾಯಿ ಮುಚ್ಚಿಬಿಡುತ್ತಿದ್ದರು. "ಕಾಗಜ್ ಕಾಯ್ಕು, ಕಾಗದ ಯಾಕೆ? ನಾನೇನು ಪೊಲೀಸ್ ಸ್ಟೇಷನ್ನಲ್ಲಿ ಹೇಳಿಕೆ ಕೊಡ್ತಿದೀನಾ?" ಎನ್ನುತ್ತಿದ್ದರಂತೆ. ಹಾಗಾಗಿ ಜಬೀನ್ ಭಾನುವಾರ ಬಸ್ಸಿನಲ್ಲಿ ಬಂಗಾರಪೇಟೆ, ಅಲ್ಲಿಂದ ರೈಲಿನಲ್ಲಿ ಟೇಕಲ್ ಸೇರಿ, ಎರಡೋ ಮೂರೋ ಹಾಡನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದಳು. ದಾರಿಯುದ್ದಕ್ಕೂ ಗುನುಗುತ್ತಾ, ಮರೆಯದ ಹಾಗೆ.

"ಪಕ್ಕದವಳು ನಾನು ದುವಾ ಓದ್ತಿದೀನಿ ಅಂದ್ಕೊಂಡು ಸೀಟು ಬಿಟ್ಕೊಟ್ಲು ಕಣೇ ಸುಧಾ," ಎಂದು ಒಂದು ಸೋಮವಾರ ನಗುತ್ತಾ ಹೇಳಿದ್ದಳು. "ನಾನು ಹಾಡ್ತಿದ್ದಿದ್ದು ಬೀಗಿತಿ ಮೂಗನ್ನ ಆಡ್ಕೊಳ್ಳೋ ಹಾಡು."

ಸೋಮವಾರ ಬೆಳಗ್ಗೆ ವಿದ್ಯಾರ್ಥಿಗಳು ಬರುವ ಮುಂಚೆ ಅವಳು ಮೆಲ್ಲಗೆ ಹಾಡುತ್ತಾ ಟೈಪ್ ಮಾಡುತ್ತಿದ್ದಳು. ಉರ್ದು ಲಿಪಿ ಅವಳಿಗೆ ಬಾರದು — ಕನ್ನಡದ ಅಕ್ಷರದಲ್ಲಿ ದಖ್ಖನಿ. ನಾನು ನೆಲ ಗುಡಿಸುತ್ತಾ ಕೇಳುತ್ತಿದ್ದೆ. ಅರ್ಥ ಕೇಳಿದರೆ ಅರ್ಧ ಹೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಹಾಡಿಗೆಂದೇ ನಾವು ಒಂದು ಚಿಕ್ಕ ಪ್ರೋಗ್ರಾಮ್ ಬರೆದಿದ್ದೆವು. ತೆರೆಯ ಮೇಲೆ ಒಂದು ಕಿಟಕಿ. ಎಡಕ್ಕೆ ಹಾಡುಗಳ ಪಟ್ಟಿ, ಬಲಕ್ಕೆ ಬರೆಯುವ ಜಾಗ. ಕಿಟಕಿ ಅವಳದು, ಕಡತಕ್ಕೆ ಉಳಿಸುವ ಭಾಗ ನನ್ನದು. ಇಂಥ ಪ್ರೋಗ್ರಾಮ್ ತಾನಾಗಿ ಓಡುವುದಿಲ್ಲ, ಕಾಯುತ್ತಾ ಕೂರುತ್ತದೆ. ಕೀಲಿ ಒತ್ತಿದರೆ, ಗುಂಡಿ ಒತ್ತಿದರೆ, ಕಿಟಕಿ ಮುಚ್ಚಿದರೆ ಯಂತ್ರ ಸುದ್ದಿ ಕಳಿಸುತ್ತದೆ. ಯಾವ ಸುದ್ದಿ ಬಂದರೆ ಯಾವ ಕೆಲಸವನ್ನು ಕರೆಯಬೇಕು ಎಂದು ನಾವು ಮೊದಲೇ ಬರೆದುಕೊಟ್ಟಿರಬೇಕು. ಹಾಗೆ ಬರೆದುಕೊಟ್ಟ ಕೆಲಸಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ.

ಜಬೀನ್ 'ಉಳಿಸು' ಗುಂಡಿ ಒತ್ತುವುದನ್ನು ಮರೆಯುತ್ತಿದ್ದಳು. ಎರಡು ಸಲ ಹಾಗೆ ಬೆಳಗಿನ ಹಾಡು ಹೋಗಿ, ಮತ್ತೆ ಕೂತು ಟೈಪ್ ಮಾಡಿದ್ದಳು. ನಲವತ್ತಮೂರು ಹಾಡು ಆಗಿತ್ತು, ನಾನಿ ತೀರಿಕೊಂಡರು. ಮಲಗಿದ್ದವರು ಏಳಲಿಲ್ಲವಂತೆ. ನಲವತ್ತನೆಯ ದಿನದ ಪ್ರಾರ್ಥನೆಗೆ ಚಿಕ್ಕಮ್ಮಂದಿರೆಲ್ಲ ಟೇಕಲ್ಲಿಗೆ ಬರುವವರಿದ್ದರು. ಹಾಡುಗಳನ್ನು ಅಚ್ಚು ತೆಗೆದು, ಪಿನ್ನು ಹೊಡೆದು, ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಕೊಡಬೇಕೆಂದು ಅವಳ ಆಸೆ.

ಆ ಪ್ರಾರ್ಥನೆಗೆ ಎರಡು ದಿನ ಮೊದಲು, ಅವಳಿಗೆ ಹೇಳದೆ, ನಾನು ಒಂದು ಸಾಲು ಸೇರಿಸಿದೆ. ಕಿಟಕಿ ಮುಚ್ಚಿದರೆ ತಾನೇ ಉಳಿಸಿಕೊಳ್ಳಲಿ, ಪೆನ್ ಡ್ರೈವಿಗೂ ಒಂದು ಪ್ರತಿ ಹೋಗಲಿ ಎಂದು. ಮುಚ್ಚುವಾಗ ಎರಡು ಸುದ್ದಿ ಬರುತ್ತವೆ. ಮೊದಲನೆಯದು 'ಮುಚ್ಚಲೇ?' ಎಂಬುದು. ಎರಡನೆಯದು 'ಮುಚ್ಚಿ ಆಯಿತು' ಎಂಬುದು. ನಾನು ಎರಡನೆಯದಕ್ಕೆ ಕಟ್ಟಿದೆ. ಆ ಹೊತ್ತಿಗೆ ಬರೆಯುವ ಜಾಗ, ಪಟ್ಟಿ, ಎಲ್ಲ ಕಳಚಿ ಹೋಗಿರುತ್ತದೆ. ಮನೆ ಖಾಲಿ ಮಾಡಿದ ಮೇಲೆ ಹೋಗಿ ಸಾಮಾನು ಕಟ್ಟಿದ ಹಾಗೆ. ನನ್ನ ಸಾಲು ಏನೂ ಇಲ್ಲದ್ದನ್ನು ಶ್ರದ್ಧೆಯಿಂದ ಎತ್ತಿ, ನಲವತ್ತಮೂರು ಹಾಡಿನ ಮೇಲೆ ಬರೆಯಿತು. ಪೆನ್ ಡ್ರೈವಿನಲ್ಲೂ ಬರೆಯಿತು.

ಪರೀಕ್ಷೆ ಮಾಡಲಿಲ್ಲವೇ ಎಂದರೆ — ಮಾಡಿದ್ದೆ. ಹಾಡಿನ ಕಡತ ಮುಟ್ಟುವುದು ಬೇಡವೆಂದು ಖಾಲಿ ಕಡತದ ಮೇಲೆ ಮಾಡಿದೆ. ಖಾಲಿಯಾಗಿಯೇ ಉಳಿಯಿತು. ಸರಿಯಾಗಿದೆ ಅಂದುಕೊಂಡೆ.

ಮರುದಿನ ಜಬೀನ್ ಬಂದು ಒಂದೆರಡು ಅಕ್ಷರ ತಿದ್ದಿ, ಕಿಟಕಿ ಮುಚ್ಚಿ, ಕಾಗದ ತರಲು ಕೆಳಗೆ ಹೋದಳು. ಬಂದು ತೆರೆದರೆ ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ. ಹೊಸ ಕಾಗದದ ಕಟ್ಟನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದಳು.

"ಸುಧಾ, ಹಾಡು ಎಲ್ಲಿ?"

ಅವಳನ್ನು ಸರಿಸಿ ಕೂತೆ. ನನ್ನ ಸಾಲನ್ನು ತೆರೆದು ನೋಡಿದೆ. ಐದು ನಿಮಿಷವೂ ಬೇಕಾಗಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಾಯಿತು. ಅವಳು ನನ್ನ ಭುಜದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

"ನೀನೇ ಏನೋ ಅಳಿಸಿರಬೇಕು, ಜಬೀನ್," ಎಂದೆ. "ದುಃಖದಲ್ಲಿದ್ದೀಯ. ಗೊತ್ತಾಗಿರಲ್ಲ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಹೌದಾ," ಎಂದಳು.

ತಪ್ಪು ಸಾಲು ಬರೆಯುವುದು ಯಾರಿಗೂ ಆಗಬಹುದು. ಆದರೆ ಈ ಮಾತು — ಅವಳ ನಾನಿಯ ಸಾವನ್ನೇ ಎತ್ತಿ ನನ್ನ ತಪ್ಪಿಗೆ ಮುಚ್ಚಳ ಮಾಡಿದ್ದು — ತಾನಾಗಿ ಆದದ್ದಲ್ಲ. ಬಾಯಿ ಬಿಡುವ ಮುಂಚೆ ನನಗೆ ಪೂರ್ತಿ ಗೊತ್ತಿತ್ತು.

ಇನ್ನೂ ಒಂದಿದೆ. ಅಳಿದದ್ದನ್ನು ಡಿಸ್ಕಿನಿಂದ ಎತ್ತಿಕೊಡುವವರು ಕೋಲಾರದಲ್ಲಿ ಒಬ್ಬರಿದ್ದರು. ಅವತ್ತೇ ಯಂತ್ರ ಆರಿಸಿ ಒಯ್ದಿದ್ದರೆ ಸ್ವಲ್ಪವಾದರೂ ಸಿಗುತ್ತಿತ್ತೇನೋ. ಹೇಗೆ ಹೋಯಿತು ಎಂದು ಅವರು ಕೇಳುತ್ತಿದ್ದರು, ಪ್ರೋಗ್ರಾಮ್ ತೆರೆದು ನೋಡುತ್ತಿದ್ದರು, ನನ್ನ ಸಾಲು ಸಿಕ್ಕಿಬೀಳುತ್ತಿತ್ತು. ಅದಕ್ಕೇ ನಾನು ಅವರ ಹೆಸರು ಎತ್ತಲಿಲ್ಲ. ಅಳಿದದ್ದರ ಮೇಲೆ ಹೊಸದು ಕೂತರೆ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮಧ್ಯಾಹ್ನ ಅದೇ ಯಂತ್ರದಲ್ಲಿ ಪಾಠ ಮಾಡಿದೆ. ಜಬೀನ್ ಮನೆಗೆ ಹೋದ ಮೇಲೆ ಆ ಸಾಲನ್ನು ಮೊದಲನೆಯ ಸುದ್ದಿಗೆ ಬದಲಾಯಿಸಿದೆ. ಎಷ್ಟು ಸಲೀಸಾಗಿ ಕೆಲಸ ಮಾಡಿತು.

ನಲವತ್ತನೆಯ ದಿನಕ್ಕೆ ಅವಳು ಬರಿಗೈಯಲ್ಲಿ ಹೋದಳು. ಬಂದ ಮೇಲೆ ನೆನಪಿದ್ದ ಒಂಬತ್ತು ಹಾಡನ್ನು ನೋಟ್‌ಬುಕ್ಕಿನಲ್ಲಿ ಬರೆದಳಂತೆ. ಟೈಪ್ ಮಾಡಿದೊಡನೆ ಉಳಿದವು ತಲೆಯಿಂದ ಇಳಿದುಹೋಗಿದ್ದವು — ಇಲ್ಲಿ ಇರ್ತವೆ ಬಿಡು ಎಂಬ ಧೈರ್ಯದಲ್ಲಿ. ಆ ತಿಂಗಳ ಕೊನೆಗೆ ಕೆಲಸ ಬಿಟ್ಟಳು. "ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಕಣೇ. ಮಕ್ಕಳಿಗೆ ಏನು ಕಲಿಸ್ಲಿ?" ಎಂದಳು. ನನಗಿಂತ ಚೆನ್ನಾಗಿ ಪ್ರೋಗ್ರಾಮ್ ಬರೆಯುತ್ತಿದ್ದವಳು. ತಡೆಯಲು ನನಗೆ ಒಂದು ವಾಕ್ಯ ಸಾಕಿತ್ತು. ಬಾಗಿಲವರೆಗೆ ಹೋಗಿ, "ಆಗಾಗ ಬರ್ತಿರು," ಎಂದೆ.

ಅವಳ ಗಂಡ ಶ್ರೀನಿವಾಸಪುರದಲ್ಲಿ ಮಾವಿನಕಾಯಿಯ ವ್ಯಾಪಾರಕ್ಕೆ ನಿಂತರು, ಸಂಸಾರ ಅಲ್ಲಿಗೆ ಹೋಯಿತು. ಈಗ ಬಟ್ಟೆ ಹೊಲಿಯುತ್ತಾಳೆ. ರಂಜಾನಿಗೆ, ಯುಗಾದಿಗೆ ಒಂದೊಂದು ಮೆಸೇಜು. ಅಲ್ಲಿಗೆ ಹೋಗುವ ಬಸ್ಸು ಕಂಡಾಗಲೆಲ್ಲ ಬೋರ್ಡು ಓದುತ್ತೇನೆ. ಹತ್ತಿದ್ದು ಒಮ್ಮೆಯೂ ಇಲ್ಲ. ಪಾಠ ಮಾತ್ರ ಮಾಡುತ್ತಲೇ ಇದ್ದೇನೆ. 'ಮುಚ್ಚಲೇ?' ಎಂದು ಕೇಳಿದಾಗಲೇ ಉಳಿಸಬೇಕು ಎಂದು ಪ್ರತಿ ಬ್ಯಾಚಿಗೂ ಎರಡೆರಡು ಸಲ ಹೇಳುತ್ತೇನೆ. ಮೇಡಂ ತುಂಬಾ ಜಾಗ್ರತೆ ಎನ್ನುತ್ತಾರೆ.

ಇವತ್ತು ನಾಲ್ಕು ಗಂಟೆಗೆ ಅವಳ ದನಿ. ಸ್ವಲ್ಪ ದಪ್ಪಗಾಗಿದೆ, ನಗು ಹಾಗೇ ಇದೆ. ಮಗಳ ಮದುವೆ ಗೊತ್ತಾಗಿದೆ. ಗಂಡಿನ ಕಡೆ ಹಾಡುವ ಹೆಂಗಸರೇ ಒಂದು ವ್ಯಾನ್ ತುಂಬ ಬರುತ್ತಾರಂತೆ.

"ನಮ್ಮ ಕಡೆ ಬಾಯಿ ಬಿಡೋರು ಯಾರೂ ಉಳಿದಿಲ್ಲ, ಸುಧಾ. ಒಂಬತ್ತು ಹಾಡಿಗೇ ಮುಗಿದು ಹೋಗತ್ತೆ. ನೀನು ಗುಡಿಸ್ತಾ ಕೇಳ್ತಿದ್ಯಲ್ಲ — ಯಾವುದಾದ್ರೂ ನೆನಪಿದ್ಯಾ? ನಾನಂತೂ ಪಾಪಿ, ಎಲ್ಲಾ ಅಳಿಸ್ಕೊಂಡು ಕೂತೆ."

ಹದಿನಾರು ವರ್ಷ ಅವಳು ಹಾಗೇ ಅಂದುಕೊಂಡಿದ್ದಾಳೆ. ನಗುತ್ತಲೇ ಹೇಳಿದಳು. ನೋಡಿಕೊಂಡು ಹೇಳ್ತೀನಿ ಎಂದು ಫೋನ್ ಇಟ್ಟೆ.

ನೆನಪಿದೆ. ಅರ್ಥ ಗೊತ್ತಿಲ್ಲದೆಯೂ ಮೂರು ಹಾಡು ಪೂರ್ತಿ ಬರುತ್ತವೆ. ಇನ್ನು ಆರೇಳರ ಧಾಟಿ, ತುಂಡು ಸಾಲು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಎಷ್ಟೋ ಸಲ ಹಾಡಿಕೊಂಡಿದ್ದೇನೆ. ಅವಳ ದನಿ ಕೇಳಬೇಕೆನಿಸಿದಾಗ ನನ್ನ ಬಳಿ ಬೇರೆ ಏನೂ ಇರಲಿಲ್ಲ.

ನಾಳೆ ಶ್ರೀನಿವಾಸಪುರಕ್ಕೆ ಹೋಗುತ್ತೇನೆ. ಹಾಡು ಮೊದಲು ಹೇಳಿದರೆ ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಹಿಡಿದ ಮೇಲೆ ನನ್ನಿಂದ ನಿಜ ಹೇಳಲಾಗುವುದಿಲ್ಲ, ನನಗೆ ನಾನು ಗೊತ್ತು. ಅಳಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು — ಈ ಎರಡು ವಾಕ್ಯ ಮೊದಲು. ಆಮೇಲೂ ಕೂರು ಎಂದರೆ, ಹಾಡು.

ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಹೇಳಿದೆ. ಇಷ್ಟು ವರ್ಷ ಇವರಿಗೂ ಹೇಳಿರಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ಹೋಗ್ಬಾ," ಎಂದರು. "ಬಾಗಿಲಲ್ಲೇ ನಿಲ್ಲಿಸಿದರೂ ನಿಂತ್ಕೊಂಡೇ ಹೇಳು. ಸುತ್ತಿ ಬಳಸಿ ಹೇಳ್ಬೇಡ."

ಮುದ್ದೆ, ಹುರುಳಿ ಬಸ್ಸಾರು, ಉಪ್ಪಿನಕಾಯಿ. ಅತ್ತೆ ಅರ್ಧ ಮುದ್ದೆ ತಿಂದು ಮೊದಲು ಮಲಗಿದರು, ಆಮೇಲೆ ಇವರು.