ಎಂಜಿನ್ನಿಗೆ ಹಾಕಿದ ಹಾರ

ಆಗೆಲ್ಲ ಕುವೆಂಪುನಗರದ ನಮ್ಮ ಬೀದಿಯಲ್ಲಿ ಮನೆಗೊಂದು ಸ್ಕೂಟರ್. ಕಾರು ಅಂತ ಇದ್ದದ್ದು ನಮ್ಮದೊಂದೇ, ಅದೂ ನನಗಿಂತ ಇಪ್ಪತ್ತು ವರ್ಷ ದೊಡ್ಡದಾದ ಬೀಟಲ್. ಡಿಕ್ಕಿ ಮುಂದೆ, ಎಂಜಿನ್ ಹಿಂದೆ. ಅಪ್ಪನಿಗೆ ಅದರ ಮೇಲೆ ಪ್ರಾಣ, ನನಗೂ ಅಷ್ಟೇ. ತಳ್ಳಿ ತಳ್ಳಿ ಸುಸ್ತಾಗಿದ್ದ ಅಮ್ಮ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದಳು: "ಈ ಸಲ ಆಯುಧಪೂಜೆ ದಿನ ಬೆಟ್ಟ ಹತ್ತಲಿಲ್ಲ ಅಂದ್ರೆ ಮಾರ್ಬುಡಿ ಕಣ್ರೀ."

ಪೂಜೆಯ ಬೆಳಿಗ್ಗೆ ಅಪ್ಪ ಬೂದುಗುಂಬಳ ತರಲು ಹೋಗಿದ್ದರು. ಎಲ್ಲರೂ ಕಾರಿನ ಮೂತಿಗೆ ಹಾರ ಹಾಕುತ್ತಾರೆ. ನಮ್ಮದರ ಎಂಜಿನ್ ಹಿಂದಿರುವಾಗ ಪೂಜೆಯೂ ಹಿಂದಕ್ಕೇ ಸಲ್ಲಬೇಕು ಎನ್ನುವುದು ಹತ್ತು ವರ್ಷದ ನನ್ನ ಲೆಕ್ಕಾಚಾರ. ಹಿಂಬದಿ ಗಾಜಿನ ಕೆಳಗಿದ್ದ ಸೀಳುಗಳ ಮೇಲೆ ಬಾಳೆಎಲೆ ಹಾಸಿ, ಚೆಂಡುಹೂವಿನ ಹಾರವನ್ನು ಮೂರು ಸುತ್ತು ಬಿಗಿದು ಕಟ್ಟಿದೆ. ಆಮೇಲೆ ಪುರಿ, ಕಡಲೆ, ಬೂಂದಿಯ ಗಡಿಬಿಡಿಯಲ್ಲಿ ಯಾರೂ ಆ ಕಡೆ ನೋಡಲಿಲ್ಲ.

ಚಾಮುಂಡಿಬೆಟ್ಟದ ಅರ್ಧ ದಾರಿಯಲ್ಲಿ ಸುಟ್ಟ ಎಣ್ಣೆಯ ವಾಸನೆ ಬಂತು. ಸ್ಟೀರಿಂಗಿನ ಮುಂದಿನ ಕೆಂಪು ದೀಪ ಹತ್ತಿತು. ಅಪ್ಪ ಬದಿಗೆ ನಿಲ್ಲಿಸಿದರು. ಸ್ಕೂಟರಿನವನೊಬ್ಬ ಬಾಟಲಿ ಹಿಡಿದು ಬಂದ.

"ರೇಡಿಯೇಟರಿಗೆ ನೀರು ಹಾಕಿ ಸಾರ್."

"ಇದಕ್ಕೆ ರೇಡಿಯೇಟರೇ ಇಲ್ಲಪ್ಪ. ಗಾಳೀಲೇ ತಣ್ಣಗಾಗ್ಬೇಕು," ಎನ್ನುತ್ತ ಅಪ್ಪ ಹಿಂದೆ ಬಂದು ಹಾರ ನೋಡಿದರು, ಆಮೇಲೆ ನನ್ನನ್ನು.

"ಏನಾಯ್ತ್ರೀ?" ಅಮ್ಮ ಒಳಗಿನಿಂದಲೇ ಕೇಳಿದಳು.

"ನಂದೇ ತಪ್ಪು ಕಣೇ. ಗಾಳಿ ಹೋಗೋ ಜಾಗಕ್ಕೇ ಹಾರ ಕಟ್ಬುಟ್ಟಿದೀನಿ."

ಅಮ್ಮ ಸಿಕ್ಕಾಪಟ್ಟೆ ಬೈದಳು. ಅಪ್ಪ ಎಲೆ, ಹಾರ ಬಿಚ್ಚಿ, ಮೋಟುಗೋಡೆಯ ಮೇಲೆ ನನ್ನ ಪಕ್ಕ ಕೂತು ಪುರಿ ತಿಂದರು. ಒಂದು ಗಂಟೆ ಕಾದ ಮೇಲೆ ಕಾರು ಗುಡುಗುಡು ಅಂತ ಬೆಟ್ಟ ಹತ್ತಿತು. ಮಾರುವ ಮಾತು ಮತ್ತೆ ಬರಲಿಲ್ಲ.

ಹಳೇ ಕಾರು ಕೊಳ್ಳುವ ಹೊಸಬರು ಈಗ ನನ್ನನ್ನು ಕೇಳಿಕೊಂಡು ಬರುತ್ತಾರೆ. ಗಾಳಿಯ ದಾರಿ ಮುಚ್ಚಬೇಡಿ, ಬಿಸಿಯಾದರೆ ಸುಮ್ಮನೆ ಕಾಯಿರಿ, ಮಿಕ್ಕದ್ದು ಆಮೇಲೆ ಕಲಿಯಬಹುದು ಎನ್ನುತ್ತೇನೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಅಪ್ಪ ಹೋದ ಮೇಲಿನ ಮೊದಲ ಆಯುಧಪೂಜೆಯ ದಿನ ಅಮ್ಮನ ಮುಂದೆ ತಪ್ಪೊಪ್ಪಿಕೊಂಡೆ. ಅವಳು ಹೂ ಬಿಡಿಸುತ್ತಲೇ ಅಂದಳು: "ಅವತ್ತೇ ಗೊತ್ತಿತ್ತು ಕಣೇ. ಅವರಿಗೆ ಪಂಚೆ ಗಂಟೇ ನಿಲ್ತಿರಲಿಲ್ಲ, ಹಾರ ಎಲ್ಲಿ ಕಟ್ತಾರೆ?"

ಕಾರು ಈಗಲೂ ಬೆಟ್ಟ ಹತ್ತುತ್ತದೆ. ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ಬೈಸಿಕೊಳ್ಳುವವರು ಮಾತ್ರ ಇಲ್ಲ.