ಬಾಷಾ ಸಾಹೇಬರು ಹಾಕಿದ ರೈಟು

ಬಾಷಾ ಸಾಹೇಬರು ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನನ್ನು ಮಾತನಾಡಿಸುವ ಮೊದಲು ನಮ್ಮ ಬಟ್ಟೆ ಒಣಗಿಸುವ ಯಂತ್ರಕ್ಕೆ ಕಿವಿ ಕೊಟ್ಟರು. ಇದು ಮಾತಿನ ಅಲಂಕಾರವಲ್ಲ. ಕೋಟಿನ ಒಳಜೇಬಿನಿಂದ ಮರದ ಹಿಡಿಯ, ಗೇಣುದ್ದದ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಯಂತ್ರದ ಹೊಟ್ಟೆಗೂ ಹಿಡಿಯನ್ನು ತಮ್ಮ ಕಿವಿಯ ಹಿಂದಿನ ಮೂಳೆಗೂ ಒತ್ತಿಕೊಂಡು ಅರ್ಧ ನಿಮಿಷ ಕಣ್ಣು ಮುಚ್ಚಿ ನಿಂತರು. ಆಮೇಲೆ ಇನ್ನೊಂದು ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಯಂತ್ರದ ಮೇಲೆ ದುಂಡಗೆ ಒಂದು ಸೊನ್ನೆ ಬರೆದರು.

"ಬೆಲ್ಟ್ ಹೋಗಿದೆಯಮ್ಮ. ಇನ್ನೊಂದು ತಿಂಗಳು ಓಡುತ್ತೆ. ನಾನು ನಸ್ರೀನ್ ತಂದೆ, ನಾಲ್ಕು ಮನೆ ಆಚೆ. ವಾಕಿಂಗ್ ಹೋಗ್ತಿದ್ದೆ, ಗರಾಜ್ ಬಾಗಿಲು ತೆಗೆದಿತ್ತು, ಸದ್ದು ಕೇಳಿಸ್ತು."

ಯಂತ್ರ ಮೂರು ವಾರಕ್ಕೆ ನಿಂತಿತು. ಅವರ ಅಂದಾಜು ತಪ್ಪಿದ್ದು ಒಂದೇ ವಾರ.

ನಸ್ರೀನ್ ನನಗೆ ಪರಿಚಯವಿದ್ದವಳೇ. ಬೆಂಗಳೂರಿನವಳು, ಸಾಫ್ಟ್‌ವೇರ್ ಕೆಲಸ. ಈ ಹೊರದೇಶದ ಊರಿನ ಎಜುಕೇಶನ್ ಹಿಲ್‌ನಲ್ಲಿ ಒಂದೇ ಬೀದಿಯಲ್ಲಿದ್ದರೂ ಕೈ ಬೀಸುವುದರ ಆಚೆಗೆ ನಮ್ಮ ಸ್ನೇಹ ಬೆಳೆದಿರಲಿಲ್ಲ. ಅದು ಬೆಳೆದದ್ದು ಅವಳ ತಂದೆಯಿಂದ. ಅವರ ಮನೆಯೊಳಗೆ ಕಾಲಿಟ್ಟ ಮೊದಲ ದಿನ ನನಗೆ ಕಂಡದ್ದು ಎಲ್ಲೆಲ್ಲೂ ಸೀಮೆಸುಣ್ಣದ ಗುರುತು. ಫ್ರಿಜ್ಜಿಗೆ ರೈಟು, ನೀರು ಕಾಯಿಸುವ ಹಂಡೆಗೆ ರೈಟು, ಮಿಕ್ಸಿಗೆ ಸೊನ್ನೆ. ಅಳಿಯನ ಎಲೆಕ್ಟ್ರಿಕ್ ಕಾರಿಗೆ ಮಾತ್ರ ಏನೂ ಇರಲಿಲ್ಲ. ಕೇಳಿದ್ದಕ್ಕೆ, "ಅದು ಬಾಯೇ ಬಿಡಲ್ವಲ್ಲಮ್ಮ, ಏನಂತ ಹಾಕ್ಲಿ?" ಎಂದರು.

ನಸ್ರೀನ್ ತಲೆ ಚಚ್ಚಿಕೊಳ್ಳುತ್ತಿದ್ದಳು. "ಹೋದ ಶನಿವಾರ ಗೆಸ್ಟ್ ಬಂದಿದ್ರು. ಅವರ ಕಾರಿಗೂ ಸೊನ್ನೆ ಬರೆದು ಕಳಿಸಿದಾರೆ. ಪಾಪ, ಅವರು ಅದನ್ನ ಆಶೀರ್ವಾದ ಅಂದ್ಕೊಂಡು ಥ್ಯಾಂಕ್ಯೂ ಹೇಳಿ ಹೋದ್ರು."

ಆ ಗುರುತಿನ ಮೂಲ ತುಮಕೂರು ರಸ್ತೆಯ ಒಂದು ಮೋಟಾರ್ ಸೈಕಲ್ ಕಾರ್ಖಾನೆ. ಅಲ್ಲಿ ತಯಾರಾಗುತ್ತಿದ್ದ ಶರಭ ಗಾಡಿಗೆ ಬಾಷಾ ಸಾಹೇಬರು ಕೊನೆಯ ಪರೀಕ್ಷಕರು. ಜೋಡಣೆಯಾಗಿ ಬಂದ ಪ್ರತಿ ಗಾಡಿಯನ್ನೂ ಕಾರ್ಖಾನೆಯ ಹಿಂದಿನ ಮಣ್ಣುದಾರಿಯಲ್ಲಿ ಮೂರು ಸುತ್ತು ಓಡಿಸಿ, ತಂದು ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿದು ಎಂಜಿನ್ನು, ಗೇರು, ಸೈಲೆನ್ಸರು ಕೇಳಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಗುರುತು ಹಾಕಬೇಕು. ರೈಟು ಬಿದ್ದರೆ ಗಾಡಿ ಷೋರೂಮಿಗೆ, ಸೊನ್ನೆ ಬಿದ್ದರೆ ವಾಪಸ್ ಒಳಗೆ. ಮ್ಯಾನೇಜರ್ ಬಂದು ನಿಂತರೂ ಸೊನ್ನೆ ರೈಟಾಗುತ್ತಿರಲಿಲ್ಲವಂತೆ. "ರೈಟ್ ಅಂದ್ರೆ ರೈಟು. ಮುಕ್ಕಾಲು ರೈಟು ಅಂತ ಒಂದು ಇಲ್ಲ" ಎನ್ನುವುದು ಅವರ ಮಾತು. ಬಿರಿಯಾನಿಗೂ ಅದೇ ಮಾತು, ಮೊಮ್ಮಗಳ ಕನ್ನಡಕ್ಕೂ ಅದೇ ಮಾತು. ಆ ಹುಡುಗಿ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತರಿಸಿ, ಸೊನ್ನೆ ಪಡೆದು, ನಗುತ್ತಾ ಮಹಡಿ ಹತ್ತುತ್ತಿತ್ತು.

ನನಗೆ ಕಾರ್ಖಾನೆಯ ಕಥೆಗಳಲ್ಲಿ ಆಸಕ್ತಿಯಿತ್ತು ಎಂದರೆ ಸುಳ್ಳಾದೀತು. ಆದರೆ ಆ ಗಾಡಿ ನನಗೆ ಗೊತ್ತಿತ್ತು. ನಮ್ಮಪ್ಪನ ಹತ್ತಿರ ಒಂದು ಶರಭ ಇತ್ತು. ಸಂಜೆ ಬೀದಿಯ ತಿರುವಿನಲ್ಲಿ ಡುಗ್-ಟಣ್, ಡುಗ್-ಟಣ್ ಎಂದು ಕೇಳಿಸಿದರೆ ಸಾಕು, ಕುಂಟೆಬಿಲ್ಲೆ ಬಿಟ್ಟು ಓಡಿ ಪುಸ್ತಕ ತೆರೆದು ಕೂರುತ್ತಿದ್ದೆ. ಆ ಕಾಲಕ್ಕೆ ಹಾಲಿನವರು, ಪೊಲೀಸರು, ಎಲ್ಐಸಿ ಏಜೆಂಟರು ಎಲ್ಲರೂ ಅದರ ಮೇಲೇ ಇದ್ದರು. ಶುರುವಿನಲ್ಲಿ ಗಾಡಿಗೆ ಹೊರದೇಶದ ಹೆಸರಿತ್ತಂತೆ, ನಕ್ಷೆಯೂ ಅಲ್ಲಿಯದೇ. ಒಪ್ಪಂದ ಮುಗಿದ ಮೇಲೆ ನಮ್ಮವರು ಶರಭ ಎಂದು ಹೆಸರಿಟ್ಟರು. ಆಮೇಲೆ ಕಡಿಮೆ ಪೆಟ್ರೋಲ್ ಕುಡಿಯುವ ಪುಟ್ಟ ಗಾಡಿಗಳು ಬಂದವು. "ಆವತ್ತಿಂದ ಗಿರಾಕಿ ಕೇಳೋದು ಒಂದೇ ಪ್ರಶ್ನೆ, ಎಷ್ಟು ಕೊಡುತ್ತೆ? ಗಾಡಿ ಹೆಂಗೆ ಓಡುತ್ತೆ ಅಂತ ಒಬ್ಬನೂ ಕೇಳ್ಲಿಲ್ಲ" ಎಂದು ಸಾಹೇಬರು ಹೇಳುತ್ತಿದ್ದರು. ಹೊಗೆಯ ಕಾನೂನು ಬಿಗಿಯಾಯಿತು. ಕಾರ್ಖಾನೆ ಮುಚ್ಚಿತು. ಹಲವು ವರ್ಷ ಬಿಟ್ಟು ಬೇರೊಂದು ಕಂಪನಿ ಶರಭ ಎನ್ನುವ ಹೆಸರನ್ನಷ್ಟೇ ಕೊಂಡು, ಹಳೇ ಟ್ಯಾಂಕಿನ ಆಕಾರದ ಕೆಳಗೆ ಹೊಸ ಎಂಜಿನ್ ಇಟ್ಟು ಮಾರಲು ಶುರುಮಾಡಿತು. ಗಾಡಿಯ ಜೊತೆಗೆ ಟೀ ಶರ್ಟೂ ಟೋಪಿಯೂ ಬಂದವು. ಈಗ ಅದೇ ಹೆಸರಿನಲ್ಲಿ ಬ್ಯಾಟರಿ ಗಾಡಿ.

ಇಷ್ಟೆಲ್ಲಕ್ಕೂ ಸಾಹೇಬರದು ಒಂದೇ ಟಿಪ್ಪಣಿ. "ಮೊದಲು ಗಾಡಿ ಇತ್ತು, ಹೆಸರು ಆಮೇಲೆ ಬಂತು. ಈಗ ಹೆಸರಿದೆ, ಅದಕ್ಕೊಂದು ಗಾಡಿ ಹುಡುಕ್ತಾವ್ರೆ."

ಆ ಬ್ಯಾಟರಿ ಗಾಡಿ ನನ್ನ ಮೇಜಿಗೇ ಬಂತು. ನಾನು ಪಕ್ಕದ ನಗರದ ಬಡಾವಣೆ ಸೌತ್ ಲೇಕ್ ಯೂನಿಯನ್‌ನಲ್ಲಿ ಒಂದು ಚಿಕ್ಕ ಸ್ಟುಡಿಯೋದಲ್ಲಿ ಯಂತ್ರಗಳಿಗೆ ಸದ್ದು ಮಾಡಿಕೊಡುವವಳು. ಓವನ್ ಮುಗಿಯಿತು ಎನ್ನುವ ಸದ್ದು, ಲಿಫ್ಟ್ ಬಂತು ಎನ್ನುವ ಸದ್ದು, ಹೀಗೆ. ಶರಭದವರಿಗೆ ತಮ್ಮ ಸದ್ದಿಲ್ಲದ ಗಾಡಿಯಲ್ಲಿ ಸ್ಪೀಕರ್ ಇಟ್ಟು ಹಳೆಯ ಸದ್ದನ್ನು ಕೂರಿಸಬೇಕಿತ್ತು. ಹಳೆಯ ಶರಭ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಾಗ ಪಕ್ಕದ ಊರಾದ ಬಾಥೆಲ್‌ನಲ್ಲೇ ಒಂದು ಸಿಕ್ಕಿತು. ಅಲ್ಲಿಯ ರಾಘು ಎಂಬಾತ ತನ್ನ ಮಾವನ ಗಾಡಿಯನ್ನು ಬೆಂಗಳೂರಿನಿಂದ ಮನೆ ಸಾಮಾನಿನ ಜೊತೆ ಕಂಟೇನರಿನಲ್ಲಿ ತರಿಸಿಕೊಂಡಿದ್ದ. ಓಡಿಸುವುದಿಲ್ಲ. ಭಾನುವಾರ ಗರಾಜಿನಲ್ಲಿ ಸ್ಟಾರ್ಟ್ ಮಾಡಿ ನಾಲ್ಕು ಜನ ಗೆಳೆಯರೊಂದಿಗೆ ಕಾಫಿ ಕುಡಿಯುತ್ತಾ ಕೇಳುತ್ತಾನೆ, ಅಷ್ಟೇ. ನಾನು ಐದಾರು ಮೈಕು ಕಟ್ಟಿ ರೆಕಾರ್ಡ್ ಮಾಡಿದೆ. ಡುಗ್-ಟಣ್, ಡುಗ್-ಟಣ್. ಹೆಡ್‌ಫೋನಿನಲ್ಲಿ ಕೇಳುವಾಗ ಕೈ ತಾನಾಗಿ ಪುಸ್ತಕ ಹುಡುಕಿತು.

ಕಂಪನಿಯವರಿಗೆ ಬಹಳ ಹಿಡಿಸಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಜಂಬಕ್ಕೆ ಬಿದ್ದು, ಇಲ್ಲೇ ನಮ್ಮ ಬೀದಿಯಲ್ಲಿ ನಿಮ್ಮ ಹಳೆಯ ಪರೀಕ್ಷಕರಿದ್ದಾರೆ ಎಂದು ಹೇಳಿಬಿಟ್ಟೆ. ಅಲ್ಲಿಯ ಮ್ಯಾನೇಜರ್, ಕಾರ್ತಿಕ್ ಎಂಬ ಚುರುಕು ಹುಡುಗ, ಕುಣಿದಾಡಿದ. ತುಮಕೂರು ರಸ್ತೆಯ ಹಳೇ ಕಾರ್ಖಾನೆಯ ಗೇಟಿನ ಮುಂದೆಯೇ ಹೊಸ ಗಾಡಿಯ ಬಿಡುಗಡೆ. ಸಾಹೇಬರನ್ನು ವಿಮಾನದಲ್ಲಿ ಕರೆಸುತ್ತೇವೆ. ಹಳೇ ಕೆಲಸಗಾರರೆಲ್ಲ ಇರುತ್ತಾರೆ. ಸಾಹೇಬರು ಸ್ಟೇಜ್ ಮೇಲೆ ಬಂದು, ಸದ್ದು ಕೇಳಿ, ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ರೈಟು ಎಳೆದರೆ ಸಾಕು.

ಸಾಹೇಬರು ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಊರಿಗೆ ಹೋಗಿರಲಿಲ್ಲ. ಸುದ್ದಿ ಕೇಳಿದ ದಿನವೇ ಸಫಾರಿ ಸೂಟು ಹೊರತೆಗೆದು ಇಸ್ತ್ರಿ ಮಾಡಿ ಬಾಗಿಲಿಗೆ ನೇತುಹಾಕಿದರು. ಊರಿಗೆ ಫೋನ್ ಮಾಡಿದರು. "ಸೈಲೆನ್ಸರ್ ಸೆಕ್ಷನ್ ಗೋವಿಂದಪ್ಪ ಬರ್ತಾನಂತಮ್ಮ. ಅವನಿಗೆ ಎಷ್ಟು ಸೊನ್ನೆ ಹಾಕಿದೀನಿ ಗೊತ್ತಾ? ಆದ್ರೂ ಬರ್ತಾನಂತೆ" ಎಂದು ದಾರಿಯಲ್ಲೇ ನಿಂತು ಹೇಳಿದರು.

ಮರುದಿನ ಸ್ಪೀಕರ್ ಡಬ್ಬ ಹೊತ್ತುಕೊಂಡು ಹೋದೆ. ಅಡುಗೆಮನೆಯ ಮೇಜಿನ ಮೇಲಿಟ್ಟು ಸದ್ದು ಹಾಕಿದೆ. ಸಾಹೇಬರು ಸ್ಕ್ರೂಡ್ರೈವರನ್ನು ಡಬ್ಬಕ್ಕೆ ಒತ್ತಿದರು. ಅವರ ಎರಡೂ ಕಿವಿಗೆ ಆಗಲೇ ಶ್ರವಣಯಂತ್ರ ಬಂದಿತ್ತು. "ಕಿವಿ ಹೋಗಿದೆ, ಮೂಳೆ ಹೋಗಿಲ್ಲ" ಎನ್ನುತ್ತಿದ್ದರು. ಎರಡು ನಿಮಿಷ ಕೇಳಿದರು. ಮತ್ತೊಮ್ಮೆ ಹಾಕಿಸಿದರು. ಆಮೇಲೆ ಸೀಮೆಸುಣ್ಣ ತೆಗೆದು ನನ್ನ ಡಬ್ಬದ ಮೇಲೆ ಸೊನ್ನೆ ಬರೆದರು.

"ಸೈಲೆನ್ಸರ್ ಒಳಗಿನ ಕೊಳವೆ ಸಡಿಲ ಇದೆ. ಆ ಟಣ್ ಅನ್ನೋದು ಗಾಡೀದಲ್ಲ."

ಸೈಲೆನ್ಸರಿನೊಳಗೆ ತೂತುತೂತಿನ ಒಂದು ಕೊಳವೆಯಿರುತ್ತದೆ. ಅದರಲ್ಲಿ ಕರಿ ಕಟ್ಟಿದಾಗ ಮೆಕ್ಯಾನಿಕ್ಕುಗಳು ಬಿಚ್ಚಿ ಸುಟ್ಟು ಶುಚಿಮಾಡಿ ಮತ್ತೆ ಕೂರಿಸುತ್ತಾರೆ. ಕೂರಿಸುವಾಗ ಹಿಂದೆ ಒಂದು ವಾಷರ್ ಹಾಕಬೇಕು. ಯಾರೂ ಹಾಕುತ್ತಿರಲಿಲ್ಲವಂತೆ. ಅಂದರೆ ಊರೂರಿನಲ್ಲಿ ನಾವೆಲ್ಲ ಶರಭದ ಸದ್ದು ಎಂದು ಪ್ರೀತಿಸಿದ್ದು ಮರೆತುಹೋದ ವಾಷರಿನ ಸದ್ದನ್ನು. ನನಗೆ ಸಿಟ್ಟು ಬಂತು. ಅವರು ಸೊನ್ನೆ ಹಾಕಿದ್ದು ನಮ್ಮಪ್ಪನ ಗಾಡಿಗೆ ಅನ್ನಿಸಿತು. ಈ ವಯಸ್ಸಿನಲ್ಲಿ ಇವರಿಗೆ ಏನು ಕೇಳಿಸುತ್ತದೆಯೋ ಎಂದೂ ಮನಸ್ಸಿನಲ್ಲಿ ಅಂದುಕೊಂಡೆ.

ಮುಖ ನೋಡಿಯೇ ಅವರಿಗೆ ಗೊತ್ತಾಯಿತೇನೋ. "ಬಾಮ್ಮ, ಬಾಥೆಲ್ಲಿಗೆ ಹೋಗೋಣ" ಎಂದರು.

ರಾಘುವಿನ ಗರಾಜಿನಲ್ಲಿ ಅವರಿಗೆ ಅರ್ಧ ಗಂಟೆ ಸಾಕಾಯಿತು. ಸೈಲೆನ್ಸರಿನ ತುದಿ ಬಿಚ್ಚಿ, ಕೊಳವೆ ಎಳೆದು, ತಾವೇ ಜೇಬಿನಲ್ಲಿ ತಂದಿದ್ದ ಒಂದು ವಾಷರ್ ಹಾಕಿ ಬಿಗಿದರು. ರಾಘು ಒದ್ದು ಸ್ಟಾರ್ಟ್ ಮಾಡಿದ. ಡುಗ್, ಡುಗ್, ಡುಗ್. ಟಣ್ ಇರಲಿಲ್ಲ. ಉರುಟಾದ, ತುಂಬಿದ ಸದ್ದು. ಸಾಹೇಬರು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಣ್ಣು ಮುಚ್ಚಿದರು. ಇಷ್ಟು ವರ್ಷದಲ್ಲಿ ಅವರು ಅಷ್ಟು ಆರಾಮಾಗಿ ಕೂತದ್ದನ್ನು ನಾನು ಕಂಡಿರಲಿಲ್ಲ.

ರಾಘುವಿನ ಮುಖ ಮಾತ್ರ ಬಾಡಿತ್ತು. "ಏನ್ ಅಂಕಲ್ ಇದು, ನಮ್ಮ ಗಾಡಿ ಥರಾನೇ ಇಲ್ಲ. ಮೊದಲಿನ ಸೌಂಡ್ ವಾಪಸ್ ಮಾಡಿ ಕೊಡ್ತೀರಾ, ಪ್ಲೀಸ್?"

"ಮೂವತ್ತು ವರ್ಷ ಅದನ್ನ ತೆಗೆಯೋ ಕೆಲಸ ಮಾಡಿದೀನಪ್ಪ. ಹಾಕೋದು ನಂಗೆ ಬರಲ್ಲ" ಎಂದು ಸಾಹೇಬರು ಎದ್ದು ಕೈ ಒರೆಸಿಕೊಂಡರು. ನಾವು ಹೊರಟ ಮೇಲೆ ರಾಘು ತಾನೇ ವಾಷರ್ ತೆಗೆದನೆಂದು ಕೇಳಿದೆ.

ಅಷ್ಟರಲ್ಲಿ ನಾನು ಟಣ್ ಇಲ್ಲದ ಆ ಹೊಸ ಸದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನು ಕಂಪನಿಗೆ ಕಳಿಸಿದೆ. ಸಾಹೇಬರಿಗೂ ಒಂದು ಪುಟ್ಟ ಸ್ಪೀಕರಿಗೆ ಹಾಕಿ ಕೊಟ್ಟೆ. ಎರಡು ದಿನ ಬಿಟ್ಟು ಕಾರ್ತಿಕ್‌ನ ವಿಡಿಯೋ ಕಾಲ್ ಬಂದಾಗ ನಾವು ಮೂವರೂ ನಸ್ರೀನ್‌ಳ ಅಡುಗೆಮನೆಯಲ್ಲಿದ್ದೆವು.

"ಮೇಡಂ, ಕ್ವಾಲಿಟಿ ಸೂಪರ್. ಆದ್ರೆ ಇದು ಶರಭ ಅನ್ಸಲ್ಲ. ಆ ಟಣ್ ಇಲ್ಲದಿದ್ರೆ ಯಾರೋ ಬೇರೆಯವರ ಗಾಡಿ ಅನ್ಸುತ್ತೆ. ಮೊದಲಿನದನ್ನೇ ಫೈನಲ್ ಮಾಡ್ತೀವಿ."

ಸಾಹೇಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಅಲ್ಲಪ್ಪ, ನಿಮ್ಮ ಗಾಡೀಲಿ ಸೈಲೆನ್ಸರ್ ಇದೆಯಾ?"

"ಇಲ್ಲ ಸರ್. ಎಲೆಕ್ಟ್ರಿಕ್ ಅಲ್ವಾ."

"ಸೈಲೆನ್ಸರೇ ಇಲ್ಲದ ಗಾಡೀಲಿ ಸೈಲೆನ್ಸರ್ ಸಡಿಲ ಆಗಿರೋ ಸದ್ದು ಯಾಕಪ್ಪ?"

ಕಾರ್ತಿಕ್ ನಕ್ಕ. ಒಳ್ಳೆಯ ಹುಡುಗ, ವ್ಯಂಗ್ಯವೇನೂ ಇರಲಿಲ್ಲ. "ಸರ್, ಜನಕ್ಕೆ ಅದೇ ನೆನಪಿರೋದು. ಅವರ ತಂದೆ, ಅವರ ಮಾವ, ಎಲ್ಲಾ ಆ ಸೌಂಡಲ್ಲೇ ಇದಾರೆ. ನೀವು ಒಂದು ರೈಟ್ ಹಾಕಿದ್ರೆ ಸಾಕು ಸರ್, ಟಿಕೆಟ್ ರೆಡಿ ಇದೆ."

ನಸ್ರೀನ್ ತಂದೆಯ ಕಡೆ ಬಾಗಿ ಮೆಲ್ಲಗೆ, "ಅಬ್ಬಾ, ಒಂದು ಗೆರೆ ಎಳೆಯೋದು, ಅಷ್ಟೇ. ಗೋವಿಂದಪ್ಪ ಅಂಕಲ್ ಎಲ್ಲಾ ಬರ್ತಾರೆ" ಎಂದಳು. ಸಾಹೇಬರು ಮೇಜಿನ ಮೇಲಿನ ಸೀಮೆಸುಣ್ಣವನ್ನು ಎತ್ತಿಕೊಂಡರು. ಸ್ವಲ್ಪ ಹೊತ್ತು ಹೆಬ್ಬೆರಳಲ್ಲಿ ಉರುಳಿಸಿದರು.

"ಅದೇ ಗೋವಿಂದಪ್ಪ ಮುಂದೆ ಕೂತಿರ್ತಾನೆ ಕಣಮ್ಮ. ವಾಷರ್ ಬಿಟ್ಟಿದಾನೆ ಅಂತ ಅವನನ್ನ ಎಷ್ಟು ಸಲ ವಾಪಸ್ ಕಳಿಸಿದೀನಿ. ಈಗ ಅವನೆದುರಿಗೆ ಅದಕ್ಕೇ ರೈಟ್ ಹಾಕ್ಲಾ?" ಎಂದು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಪರದೆಯ ಕಡೆ ತಿರುಗಿದರು. "ಗಾಡಿ ಚೆನ್ನಾಗಿ ಹೋಗ್ಲಪ್ಪ. ನಾನು ಬರಲ್ಲ, ತಪ್ಪು ತಿಳ್ಕೋಬೇಡ."

ಸಫಾರಿ ಸೂಟು ಬೀರುವಿಗೆ ಹೋಯಿತು. ನಾನು ಹಳೆಯ ಫೈಲನ್ನೇ ಮುಗಿಸಿ ಕಳಿಸಿದೆ. ಕೆಲಸ ಕೆಲಸವೇ. ನಾನು ಸಾಹೇಬರಷ್ಟು ದೊಡ್ಡವಳಲ್ಲ ಎನ್ನುವುದನ್ನು ಬರೆದಿಡಲು ನನಗೆ ಸಂಕೋಚವಿಲ್ಲ. ಅವರಿಗೆ ಹೇಳಿದಾಗ, "ನಿನ್ನ ಕೆಲಸ ನೀನು ಮಾಡಿದ್ದೀಯ" ಎಂದಷ್ಟೇ ಅಂದು ಚಹಾ ಕೊಟ್ಟರು. ಬಿಡುಗಡೆಯ ವಿಡಿಯೋದಲ್ಲಿ ಯಾರೋ ನಟ ಬಂದು ಟ್ಯಾಂಕಿನ ಮೇಲೆ ರೈಟು ಎಳೆದ. ಗಾಡಿ ಚೆನ್ನಾಗಿಯೇ ಹೋಗುತ್ತಿದೆಯಂತೆ. ಕೆಳಗಿನ ಕಾಮೆಂಟುಗಳಲ್ಲಿ ಎಷ್ಟೋ ಜನ ಕಣ್ಣೀರು ಬಂತು ಎಂದು ಬರೆದಿದ್ದರು. ಕೇಳಿದಾಗ ನನಗೂ ಬಂತು, ಅದೇ ಕಷ್ಟ.

ಕೊನೆಯ ಸಲ ನಾನು ಅವರನ್ನು ಕಂಡದ್ದು ನನ್ನ ಆಫೀಸಿನ ಹತ್ತಿರ. ನಸ್ರೀನ್ ಜೊತೆ ಡಾಕ್ಟರ ಬಳಿ ಬಂದಿದ್ದರು. ಮೂವರೂ ಬೀದಿಯ ಹಳಿಯ ಮೇಲೆ ಓಡುವ ಸ್ಟ್ರೀಟ್‌ಕಾರ್ ಹತ್ತಿದೆವು. ಗಂಟೆ ಬಡಿಯಿತು. "ಇದು ನಿಜವಾದ ಗಂಟೆಯೋ, ಸ್ಪೀಕರೋ?" ಎಂದು ಕೇಳಿದರು. ದಿನವೂ ಓಡಾಡುವ ನನಗೆ ಗೊತ್ತಿರಲಿಲ್ಲ. ಅವರು ಸ್ಕ್ರೂಡ್ರೈವರಿಗೆ ಜೇಬು ತಡವಿದರು. ಆಸ್ಪತ್ರೆಗೆ ಬೇಡವೆಂದು ನಸ್ರೀನ್ ಮನೆಯಲ್ಲೇ ತೆಗೆದಿಟ್ಟಿದ್ದಳು. ಫೆಬ್ರವರಿಯಲ್ಲಿ ಸಾಹೇಬರು ತೀರಿಕೊಂಡರು.

ತಿಂಗಳಾದ ಮೇಲೆ ಹೋದೆ. ಫ್ರಿಜ್ಜಿನ ರೈಟು ಹಾಗೇ ಇತ್ತು. ನಸ್ರೀನ್ ನಾನು ಕೊಟ್ಟಿದ್ದ ಪುಟ್ಟ ಸ್ಪೀಕರನ್ನು ತಂದಳು. "ಇದು ನಿಮ್ದಲ್ವಾ? ದಿನಾ ಸಂಜೆ ನಮಾಜ್ ಆದ್ಮೇಲೆ ಇದನ್ನ ಹಾಕ್ಕೊಂಡು, ಆ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತ್ಕೊಳ್ಳೋರು. ಒಂದೇ ಫೈಲ್, ದಿನಾ."

ಯಾವ ಗಾಡಿಗೂ ಹೋಗದ ಫೈಲು ಅದು. ಅವಳು ಸ್ಪೀಕರನ್ನು ನನ್ನ ಕಡೆ ಚಾಚಿದಾಗ ಅದರ ಅಡಿ ಮೇಲಾಯಿತು. ಕಪ್ಪು ರಬ್ಬರಿನ ಮೇಲೆ ಸೀಮೆಸುಣ್ಣದ ಒಂದು ರೈಟಿತ್ತು. ಉಜ್ಜಿಹೋದಂತೆಲ್ಲ ಅದರ ಮೇಲೇ ಮತ್ತೆ ಮತ್ತೆ ಎಳೆದು ಗೆರೆ ದಪ್ಪಗಾಗಿತ್ತು.

"ಅಯ್ಯೋ, ತಳಕ್ಕೆಲ್ಲಾ ಏನೋ ಮೆತ್ಕೊಂಡಿದೆ. ಇರಿ, ಒರೆಸಿ ಕೊಡ್ತೀನಿ" ಎಂದು ನಸ್ರೀನ್ ಸರಿಯಾಗಿ ನೋಡದೆಯೇ ಬಟ್ಟೆ ತೆಗೆದುಕೊಂಡಳು. ನಾನು ಸ್ಪೀಕರನ್ನು ಅವಳ ಕೈಯಿಂದ ಕಿತ್ತುಕೊಂಡೆ ಎಂದೇ ಹೇಳಬೇಕು.