ಅವ್ವನ ಹಾಡಿಗೆ ನಾನಿಟ್ಟ ಹೆಸರು

ಬೀದರಿನ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಹಾಡುಗಳಿಗೆ ಹೆಸರಿಟ್ಟು ಚಾನೆಲ್‌ಗೆ ಏರಿಸುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದೇ ಪದ ಸಾಕಿತ್ತು: ‘ಗೆಳತಿ’, ‘ನೆನಪು’, ಮುಗಿಯಿತು. ಬರಬರುತ್ತಾ ಹೆಸರುಗಳು ಉದ್ದವಾದವು. ಈಗ ಪೊಲೀಸ್ ಠಾಣೆಗೆ ಕೊಡುವ ದೂರಿನ ಹಾಗಿರಬೇಕು: ‘ಕಾಲೇಜ ಗೇಟಿನ್ಯಾಗ ನಕ್ಕಾಕಿ, ಮದಿವಿಗಿ ಕರೀದೇ ಮೋಸ ಮಾಡಿದಿ’. ಇಷ್ಟು ಓದಿದವರು ಹಾಡು ಕೇಳುವ ಅಗತ್ಯವೇ ಇಲ್ಲ. ಆದರೂ ಕೇಳುತ್ತಾರೆ. ಅದರಲ್ಲೂ ‘ಮೋಸ’ ಎಂದಿದ್ದರೆ ಮುಗಿಬೀಳುತ್ತಾರೆ. ಯಾಕೆ ಎಂದು ನಾನು ತಲೆ ಕೆಡಿಸಿಕೊಂಡಿಲ್ಲ.

ಭಾಲ್ಕಿಯಲ್ಲಿ ನರ್ಸ್ ಆಗಿದ್ದ ಅವ್ವ, ಅಪ್ಪ ತೀರಿಕೊಂಡ ಮೇಲೆ ಒಂದು ಹಾಡು ಕಟ್ಟಿದಳು. ಅಪ್ಪ ಔರಾದದಲ್ಲಿ ಮಾಸ್ತರಾಗಿದ್ದವರು, ದಿನಾ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದರು. ಬಸ್ಸಿನ ಹೊತ್ತಿಗೆ ಈಗಲೂ ಬಾಗಿಲ ಕಡೆ ನೋಡುತ್ತೇನೆ ಎಂಬುದೇ ಹಾಡು. ಸಾವಿನ ಮಾತು ಅದರಲ್ಲಿ ಎಲ್ಲೂ ಇಲ್ಲ. ಸ್ಟುಡಿಯೋದಲ್ಲಿ ಅವಳಿಂದಲೇ ಹಾಡಿಸಿದೆ.

ನಮ್ಮ ಚರ್ಚಿನಲ್ಲಿ ಹಾಡುಗಳಿಗೆ ನಂಬರೇ ಹೆಸರು. ಗೋಡೆಯ ಹಲಗೆಯಲ್ಲಿ ನಂಬರು ನೋಡಿ ಎಲ್ಲರೂ ಪುಸ್ತಕ ತೆರೆಯುತ್ತಾರೆ. ಹಾಗಾಗಿ ಹೆಸರೇನಿಡಲಿ ಎಂದು ಕೇಳಿದಾಗ ಅವ್ವ, “ಹಾಡಿಗಿ ಎಂಥಾ ಹೆಸರೋ? ನಿನಗ ತಿಳದಂಗ ಮಾಡು” ಎಂದಳು.

ನನಗೆ ತಿಳಿದದ್ದು ಒಂದೇ. ‘ಔರಾದ ಬಸ್ಸ ಬಂತು, ನೀವು ಬರಲಿಲ್ಲ, ಮೋಸ ಮಾಡಿ ಎಲ್ಲಿ ಉಳದ್ರಿ’ ಎಂದಿಟ್ಟು, ಮೇಲೆ ಅವ್ವನ ಫೋಟೋ ಹಾಕಿದೆ.

ಹಾಡು ಹದಿನೈದೇ ದಿನಕ್ಕೆ ಗಡಿಯ ಕಮಲನಗರವನ್ನೂ ದಾಟಿತು. ಭಾನುವಾರ ಆರಾಧನೆ ಮುಗಿದ ಮೇಲೆ ಹಲಬರ್ಗಾದ ಒಬ್ಬ ಹೆಂಗಸು ಅವ್ವನ ಕೈ ಹಿಡಿದು, “ಮಾಸ್ತರು ಹಂಗಿದ್ರಂತ ನಮಗ ಗೊತ್ತೇ ಇರಲಿಲ್ರಿ ಸಿಸ್ಟರ್. ಔರಾದದಾಗ ಯಾರ್ರಿ ಆಕಿ?” ಎಂದು ಮೆಲ್ಲಗೆ ಕೇಳಿದಳು.

ಮನೆಗೆ ಬಂದವಳೇ ಅವ್ವ, “ನಿಮ್ಮಪ್ಪ ಒಂದ ರಾತ್ರಿ ಹೊರಗ ಉಳದವರಲ್ಲ. ಸತ್ತಮ್ಯಾಲ ನೀ ಅವರಿಗಿ ಇನ್ನೊಂದ ಮನಿ ಮಾಡಿ ಕೊಟ್ಟಿ” ಎಂದಳು.

ಅಪ್ಪ ಸತ್ತಾಗ ಅಳದ ನಾನು ಆಗ ಅತ್ತೆ. “ಈಗೇ ಬದಲಿ ಮಾಡ್ತೇನಿ ಅವ್ವಾ” ಎಂದು ಫೋನು ತೆರೆದೆ. ಅವ್ವ ಅದನ್ನು ಕಸಿದುಕೊಂಡಳು. ತನ್ನ ಗಂಡನ ಬಗ್ಗೆ ಜನ ಹಾಡಿನ ಕೆಳಗೆ ಇನ್ನೂ ಏನೇನು ಬರೆದಿದ್ದಾರೆ ಎಂದು ಅವಳಿಗೆ ನೋಡಬೇಕಾಗಿತ್ತು. ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದುತ್ತಾ ಹೋದವಳು ಒಂದು ಕಮೆಂಟಿನ ಹತ್ತಿರ ನಿಂತಳು.

“ಅಕ್ಕಾರ, ನಮ್ಮವರೂ ನನ್ನ ಬಿಟ್ಟ ಇನ್ನೊಬ್ಬಾಕಿ ಕೂಡ ಹೋಗಿ ಆರ ವರ್ಷ ಆತ್ರಿ. ನನಗೊಬ್ಬಾಕಿಗೇ ಹಿಂಗ ಆಗ್ಯಾದಂತ ತಿಳದಿದ್ದೆ. ದಿನಾ ನಿಮ್ಮ ಹಾಡ ಕೇಳಿ ರೊಟ್ಟಿ ಬಡಿತೇನಿ.”

ಅವ್ವ ಅದನ್ನು ಎರಡು ಸಲ ಓದಿದಳು. ಕೆಳಗೆ ಅಂಥವೇ ಇನ್ನೂ ನಾಲ್ಕಿದ್ದವು.

“ಹೆಸರು ಏನಂತ ಮಾಡ್ಲಿ?” ಎಂದೆ.

ಅವಳು ಫೋನು ನನ್ನ ಕೈಗೆ ಕೊಟ್ಟಳು.

“ಇರಲಿ ಬಿಡು. ನಿಮ್ಮಪ್ಪಗ ನಾ ಹೇಳ್ತೇನಿ.”